ಸಹಾಯ ಬೇಕು: ಮೂವರು ಹುಡುಗಿಯರ ಜೊತೆ ಕಡಿಮೆ ಖರ್ಚಲ್ಲಿ ಒಂದು ದಿನದ ಮುಂಬೈ

ಎಲ್ಲರಿಗೂ ನಮಸ್ಕಾರ. ದೀಪಾವಳಿ ರಜೆಗೆ ಧಾರವಾಡದಿಂದ ಅಕ್ಕನ ಹೆಣ್ಣುಮಕ್ಕಳಿಬ್ಬರು ನಮ್ಮ ಡೊಂಬಿವಲಿಗೆ ಬರ್ತಿದ್ದಾರೆ. ನನ್ನ ಮಗಳೂ ಸೇರಿ ಮೂವರಿಗೂ 11-12 ವಯಸ್ಸು. ರಾಣಿಬಾಗ್ ಮೃಗಾಲಯದ ಪೆಂಗ್ವಿನ್ ತೋರಿಸ್ತೀನಿ ಅಂದ್ರೆ "ಅದು ಸಣ್ಣ ಹುಡುಗ್ರಿಗೆ ಬಿಡು ಮೌಶಿ" ಅಂತಾರೆ, ಮ್ಯೂಸಿಯಂ ಅಂದ್ರೆ ಮುಖ ಊದಿಸ್ತಾರೆ. ಊಟ, ಓಡಾಟ ಎಲ್ಲಾ 2,000 ರೂಪಾಯಿಯೊಳಗೆ ಮುಗೀಬೇಕು.

ಬೆಳಿಗ್ಗೆ ಫಾಸ್ಟ್ ಲೋಕಲ್ ಟ್ರೇನ್ ಹಿಡಿದು ಸಿಎಸ್‌ಎಂಟಿ ಸ್ಟೇಷನ್, ಅಲ್ಲಿಂದ ಬೆಸ್ಟ್ ಬಸ್ಸಲ್ಲಿ ಗೇಟ್‌ವೇ, ಬೋಟ್ ಹತ್ತಿ ಎಲಿಫೆಂಟಾ ದ್ವೀಪದ ಗುಹೆ ಅಂತ ಯೋಚನೆ. ಗುಹೆಗೆ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಹೆಚ್ಚು ಖರ್ಚು ಬೋಟಿನದೇ. ಭಾನುವಾರ ಮೆಗಾಬ್ಲಾಕ್ (ಹಳಿ ರಿಪೇರಿಗೆ ಲೋಕಲ್ ನಿಲ್ಲಿಸೋದು) ಕಾಟ, ಸೋಮವಾರ ಗುಹೆ ಬಂದ್, ಹಾಗಾಗಿ ಮಂಗಳವಾರ ಹೋಗೋಣ ಅಂತ. ಆದ್ರೆ ಬೋಟಲ್ಲಿ ಹೋಗೋಕೇ ಹೆಚ್ಚುಕಡಿಮೆ ಒಂದು ಗಂಟೆ, ಆಮೇಲೆ ಮೆಟ್ಟಿಲು ಹತ್ತಬೇಕು. ವಾಪಸ್ ಬಂದು ಕೊಲಾಬಾ ಕಾಸ್‌ವೇಯಲ್ಲಿ ಓಲೆ, ಬಳೆ ನೋಡೋಕೆ (ಅವರ ಜೀವ ಇರೋದೇ ಅಲ್ಲಿ) ಟೈಮ್ ಉಳಿಯುತ್ತಾ? ಇಲ್ಲಾ ದ್ವೀಪ ಬಿಟ್ಟು, ಪುಕ್ಕಟೆ ಇರೋ ಜಹಾಂಗೀರ್ ಆರ್ಟ್ ಗ್ಯಾಲರಿ, ಮರೀನ್ ಡ್ರೈವ್ ಅಂತ ಆರಾಮಾಗಿ ಸುತ್ತೋದೇ ವಾಸಿನಾ?

ಮುಖ್ಯವಾಗಿ ಬೇಕಾಗಿರೋ ಮಾಹಿತಿ ಶೌಚಾಲಯದ್ದು. ಒಬ್ಬಳು ಈಚೆಗಷ್ಟೇ ದೊಡ್ಡವಳಾಗಿದ್ದಾಳೆ, ಹೊರಗೆ ಹೋಗೋಕೇ ಹಿಂಜರೀತಾಳೆ. ಗೇಟ್‌ವೇ, ಚರ್ಚ್‌ಗೇಟ್ ಸುತ್ತಮುತ್ತ ನಂಬಿ ಕರ್ಕೊಂಡು ಹೋಗಬಹುದಾದ ಜಾಗ ಯಾವುದು? ಹೆಣ್ಣುಮಕ್ಕಳ ತಾಯಂದಿರು ದಯವಿಟ್ಟು ಹೇಳಿ.

ಸಂಜೆ ಲೇಡೀಸ್ ಡಬ್ಬಿಯ ನೂಕಾಟಕ್ಕೆ ಧಾರವಾಡದ ಮಕ್ಕಳು ಹೆದರಿಬಿಡ್ತಾರೆ. ನಾಲ್ಕಕ್ಕೇ ಹೊರಟುಬಿಡೋದಾ, ಅಥವಾ ಮಾಟುಂಗಾದಲ್ಲಿ ಇಳಿದು ದೋಸೆ ತಿಂದು ರಷ್ ಕಡಿಮೆಯಾದಮೇಲೆ ಹತ್ತೋದಾ?