ಬಿಕಾಂ ಬಿಟ್ಟು ಬಿಎ ಮಾಡಿ ಅಭಿವೃದ್ಧಿ, ಅಸಮಾನತೆ ಓದಬಹುದಾ?

ಕಾರ್ಕಳದ ಹುಡುಗಿ:
ಸೆಕೆಂಡ್ ಪಿಯು ಕಾಮರ್ಸ್ ಮುಗೀತು. ಅಮ್ಮ ಬೀಡಿ ಕಟ್ಟುತ್ತಾರೆ, ಅಪ್ಪನದು ಗಾರೆ ಕೆಲಸ. ಮನೆಯಲ್ಲಿ ಎಲ್ಲರೂ ಬಿಕಾಂ ಅಂತಿದ್ದಾರೆ. ನನಗೆ ಅರ್ಥಶಾಸ್ತ್ರ, ಸಮಾಜಶಾಸ್ತ್ರ ಇಟ್ಟುಕೊಂಡು ಬಿಎ ಮಾಡುವ ಆಸೆ. ಕೆಲವು ದೇಶ ಯಾಕೆ ಶ್ರೀಮಂತ, ಕೆಲವು ಯಾಕೆ ಬಡ ಅಂತ ಓದಬೇಕು. ಮಾವ ನಗುತ್ತಾರೆ, “ಅದು ಗೊತ್ತಾಗಿ ನಿನಗೆಂತ ಆಗ್ಬೇಕು?” ಅಂತ. ಹೀಗೆ ಓದಿದವರು ಇದ್ದರೆ ಹೇಳಿ.

ಪಡುಬಿದ್ರಿ ಭಟ್ರು:
ಬಿಕಾಂ ಮಾಡು ಮಾರಾಯ್ತಿ. ಬ್ಯಾಂಕ್ ಪರೀಕ್ಷೆಯಾದರೂ ಬರೆಯಬಹುದು.

ಕೊಣಾಜೆ ಅಕ್ಕ:
ಭಟ್ರೇ, ಬ್ಯಾಂಕ್ ಪರೀಕ್ಷೆಗೆ ಯಾವ ಡಿಗ್ರಿಯಾದರೂ ಆಗ್ತದೆ.

ತಂಗೀ, ನಾನು ಕೊಣಾಜೆಯಲ್ಲಿ, ಅಂದರೆ ಮಂಗಳೂರು ವಿವಿಯಲ್ಲಿ, ಅರ್ಥಶಾಸ್ತ್ರ ಎಂಎ ಮಾಡಿ ಈಗ ಸರ್ವೆ ಕೆಲಸದಲ್ಲಿದ್ದೇನೆ. ನಿನ್ನ ಪ್ರಶ್ನೆಗೆ ನಿಮ್ಮ ಚಾವಡಿಯಿಂದಲೇ ಶುರು ಮಾಡಬಹುದು. ಬೀಡಿ ಎಲೆ ಬರುವುದು ಮಧ್ಯಪ್ರದೇಶ, ಒಡಿಶಾ ಕಡೆಯ ಕಾಡಿನಿಂದ. ಅಲ್ಲಿ ಕೊಯ್ಯುವವರೂ ಬಡವರೇ. 2003ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ತಂಬಾಕು ನಿಯಂತ್ರಣದ ಒಪ್ಪಂದ ಆಯ್ತು, ಭಾರತವೂ ಸೇರಿತು. ಅದರ 17ನೇ ವಿಧಿ ತಂಬಾಕನ್ನೇ ನಂಬಿದ ಕೆಲಸಗಾರರಿಗೆ ಬೇರೆ ದುಡಿಮೆಗೆ ನೆರವಾಗಬೇಕು ಅನ್ನುತ್ತದೆ. ನಿನ್ನ ಅಮ್ಮನಿಗೆ ಆ ನೆರವು ಎಲ್ಲಿಯವರೆಗೆ ಬಂತು? ಒಳ್ಳೆಯ ಎಂಎ ಪ್ರಬಂಧ ಆಗ್ತದೆ ಇದು, ಸುಮ್ನೆ ಹೇಳ್ತಿಲ್ಲ.

ಇನ್ನೊಂದು, ಸರಾಸರಿಯನ್ನು ಬೇಗ ನಂಬಬೇಡ. ತಲಾ ಆದಾಯದಲ್ಲಿ ದಕ್ಷಿಣ ಕನ್ನಡ, ಉಡುಪಿ ರಾಜ್ಯದಲ್ಲಿ ಮೇಲಿನ ಸಾಲಿನಲ್ಲಿವೆ. ಹಾಗಂತ ಎಲ್ಲರ ಮನೆಯಲ್ಲೂ ಅಷ್ಟಿದೆಯಾ? 1990ರಲ್ಲಿ ಅರ್ಥಶಾಸ್ತ್ರಜ್ಞರಾದ ಮಹಬೂಬ್ ಉಲ್ ಹಕ್, ಅಮರ್ತ್ಯ ಸೇನ್ ಅವರೆಲ್ಲ ಸೇರಿ ಮಾನವ ಅಭಿವೃದ್ಧಿ ಸೂಚ್ಯಂಕ ತಂದರು. ಆದಾಯದ ಜೊತೆ ಆಯಸ್ಸು, ಓದು ಎರಡನ್ನೂ ಲೆಕ್ಕಕ್ಕೆ ಹಿಡಿದರು. ಅದೂ ಸರಾಸರಿಯೇ. ಅದಕ್ಕೆ 2010ರಲ್ಲಿ ಅಸಮಾನತೆ ಇದ್ದಷ್ಟು ಅಂಕ ಕಳೆದು ತೋರಿಸುವ ಇನ್ನೊಂದು ಸೂಚ್ಯಂಕ ಬಂತು.

ಮಲ್ಪೆ ಬಂದರು:
ಅಕ್ಕ, ಈ ಸೂಚ್ಯಂಕದ ಮೇಲೆ ನನಗೆ ನಂಬಿಕೆ ಕಮ್ಮಿ. ಸರಕಾರದ ದೊಡ್ಡ ಸರ್ವೆ ಹೆಚ್ಚಾಗಿ ಕೇಳುತ್ತಾ ಬಂದದ್ದು ಖರ್ಚನ್ನು, ಆದಾಯವನ್ನಲ್ಲ. ದುಡ್ಡಿದ್ದವ ಸಿಕ್ಕಿದ್ದನ್ನೆಲ್ಲ ಖರ್ಚು ಮಾಡ್ತಾನಾ? ಹಾಗಾಗಿ ಅಂತರ ಕಮ್ಮಿ ಕಾಣ್ತದೆ. ಇಲ್ಲಿ ಬೋಟಿಗೆ ಬರುವ ಹೊರರಾಜ್ಯದ ಹುಡುಗರದ್ದು ಇನ್ನೊಂದು ಕತೆ. ತಿಂಗಳುಗಟ್ಟಲೆ ನೀರಲ್ಲೇ ಇರುವವರ ಬಾಗಿಲು ಯಾರು ತಟ್ಟಬೇಕು?

ಕೊಣಾಜೆ ಅಕ್ಕ:
ಒಪ್ಪಿದೆ. ಗಲ್ಫ್ ಮನೆಗಳಲ್ಲೂ ಹಾಗೇ. “ನಮಗೆಂತ ಆದಾಯ, ಮಗ ಕಳಿಸ್ತಾನೆ” ಅಂತಾರೆ! ಫಾರಂ ತುಂಬುವವಳಿಗೇ ತಲೆನೋವು. ಅದಕ್ಕೇ ಅಂಕಿಯ ಜೊತೆ ಸಮಾಜಶಾಸ್ತ್ರವೂ ಬೇಕು ಅನ್ನುವುದು. ಭೂಸುಧಾರಣೆಯನ್ನೇ ನೋಡಿ. 1974ರ ತಿದ್ದುಪಡಿ ಬಂದ ಮೇಲೆ ನಮ್ಮ ಕಡೆ ಎಷ್ಟೋ ಒಕ್ಕಲುಗಳಿಗೆ ಜಾಗ ಆಯ್ತು. ಗೇಣಿಚೀಟಿಯೇ ಇಲ್ಲದ ಕೂಲಿಯವರಿಗೆ ಗದ್ದೆ ಸಿಕ್ಕಿದ್ದು ಕಮ್ಮಿ. ಯಾರು ಒಕ್ಕಲು, ಯಾರು ಕೂಲಿ ಅನ್ನುವುದರಲ್ಲಿ ಜಾತಿಯೂ ಇತ್ತು. ಬರೀ ಎಕರೆ ಲೆಕ್ಕದಲ್ಲಿ ಇದು ಕಾಣುವುದಿಲ್ಲ.

ಕಾರ್ಕಳದ ಹುಡುಗಿ:
ಅಕ್ಕ, ಪಿಯುನಲ್ಲಿ ಬೇಸಿಕ್ ಮ್ಯಾತ್ಸ್ ಇತ್ತು. ಅಷ್ಟು ಸಾಕಾ? ಕೆಲಸ ಸಿಗುತ್ತದಾ?

ಕೊಣಾಜೆ ಅಕ್ಕ:
ಶುರು ಮಾಡಲು ಧಾರಾಳ ಸಾಕು. ಆದರೆ ಸ್ಟ್ಯಾಟಿಸ್ಟಿಕ್ಸ್ ಬಿಡಬೇಡ, ಎಕ್ಸೆಲ್ ಚೆನ್ನಾಗಿ ಕಲಿ. ಬರೀ ಬಿಎಗೆ ಈ ಕ್ಷೇತ್ರದಲ್ಲಿ ಸಂಬಳ ಕಮ್ಮಿ, ಎಂಎ ಅಥವಾ ಎಂಎಸ್‌ಡಬ್ಲ್ಯೂವರೆಗೆ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಹೋಗಬೇಕಾದೀತು. ಒಟ್ಟು ಐದು ವರ್ಷದ ಲೆಕ್ಕ. ಇದನ್ನು ಮನೆಯಲ್ಲಿ ಈಗಲೇ ಹೇಳು. ಸ್ಕಾಲರ್‌ಶಿಪ್ ವಿಷಯ ಮಾತ್ರ ಅಡ್ಮಿಶನ್ನಿಗೆ ಮೊದಲೇ ಆಫೀಸಿನಲ್ಲಿ ಕೇಳು. ಅಮ್ಮನ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದ್ದರೆ ಅದನ್ನೂ ತಗೊಂಡು ಹೋಗು.