ಸಹಾಯ ಬೇಕು: ಹಳೇ ಗಾರ್ಡನ್ ಟ್ರ್ಯಾಕ್ಟರ್ ಬ್ಯಾಟರಿ ಚಾರ್ಜ್ ಆಗ್ತಿಲ್ಲ

ಎಲ್ರಿಗೂ ನಮಸ್ಕಾರ. ನನ್ನತ್ರ ಒಂದು ಹಳೇ ಗಾರ್ಡನ್ ಟ್ರ್ಯಾಕ್ಟರ್ ಇದೆ, ಒಂದೇ ಸಿಲಿಂಡರ್ ಪೆಟ್ರೋಲ್ ಇಂಜಿನ್, ಫ್ಲೈವೀಲ್ ಒಳಗೆ ಸ್ಟೇಟರ್ (ಕರೆಂಟ್ ಹುಟ್ಟಿಸೋ ಕಾಯಿಲ್) ಇರೋ ಥರದ್ದು. ಎರಡು ಸಲ ಹುಲ್ಲು ಹೊಡೆಯೋಷ್ಟರಲ್ಲಿ ಬ್ಯಾಟರಿ ಮಲಗಿಬಿಡುತ್ತೆ, ಆಮೇಲೆ ಕೀ ತಿರುಗಿಸಿದ್ರೆ ಬರೀ ಟಕ್ ಅಂತ ಸದ್ದು ಮಾಡಿ ಸುಮ್ನಾಗುತ್ತೆ. ಬ್ಯಾಟರಿ ಹೊಸದು. ಹಳೇದನ್ನ ಬೈದು ಬದಲಾಯಿಸಿದ್ದಾಯ್ತು, ಪಾಪ ಅದರದ್ದೇನೂ ತಪ್ಪಿರ್ಲಿಲ್ಲ ಅನ್ಸುತ್ತೆ.

ಮೀಟರ್ ಹಿಡಿದು ನೋಡಿದೆ, ಇಂಜಿನ್ ಆಫ್ ಇದ್ದಾಗ 12.6 ವೋಲ್ಟ್, ಫುಲ್ ಥ್ರಾಟಲ್ ಕೊಟ್ರೂ 12.4 ದಾಟಲ್ಲ, 14ರ ಹತ್ರ ಬರ್ಬೇಕಲ್ವಾ. ಫ್ಯೂಸ್ ಸರಿ ಇದೆ. ರೆಗ್ಯುಲೇಟರ್ (ಸ್ಟೇಟರ್ ಕರೆಂಟನ್ನ ಬ್ಯಾಟರಿಗೆ ಬೇಕಾದ ಹಾಗೆ ಬದಲಾಯಿಸಿ ಕೊಡೋ ಭಾಗ) ಪ್ಲಗ್ ಬಿಚ್ಚಿ ಸ್ಟೇಟರ್‌ನ ಎರಡು ವೈರ್ ಮಧ್ಯೆ ಎಸಿ ರೇಂಜಲ್ಲಿ ನೋಡಿದ್ರೆ 30 ವೋಲ್ಟ್ ಬರ್ತಿದೆ, ಎರಡೂ ವೈರ್ ಟ್ರ್ಯಾಕ್ಟರ್‌ನ ಲೋಹದ ಬಾಡಿಗೆ ಶಾರ್ಟ್ ಆಗಿಲ್ಲ, ಅಂದ್ರೆ ಸ್ಟೇಟರ್ ಬದುಕಿದೆ ಅಂತ ನನ್ನ ಲೆಕ್ಕ.

ಆದ್ರೆ ರೆಗ್ಯುಲೇಟರ್ ಕೂತಿರೋ ಜಾಗಕ್ಕೆ ಯಾರೋ ಹಿಂದೆ ದಪ್ಪಗೆ ಪೇಂಟ್ ಬಳಿದಿದ್ದಾರೆ, ಬೋಲ್ಟ್ ಕೆಳಗೆ ತುಕ್ಕಿನ ಪುಡಿ ಬೇರೆ, ರೆಗ್ಯುಲೇಟರ್‌ಗೆ ಅರ್ಥ್ (ಬ್ಯಾಟರಿ ನೆಗೆಟಿವ್ ಕನೆಕ್ಷನ್) ಸಿಗೋದೇ ಬಾಡಿಯಿಂದ. ಮೊದಲು ಅದನ್ನ ಉಜ್ಜಿ ಬ್ಯಾಟರಿ ನೆಗೆಟಿವ್‌ಗೆ ನೇರ ಒಂದು ವೈರ್ ಎಳೆದು ನೋಡ್ಲಾ, ಇಲ್ಲಾ ರೆಗ್ಯುಲೇಟರ್ರೇ ಹೋಗಿದೆ ಅಂತ ಹೊಸದು ಹಾಕ್ಲಾ? ಇಂಜಿನ್ ಓಡ್ತಿರುವಾಗ ಬ್ಯಾಟರಿ ಬಿಚ್ಚಿ ನೋಡು ಅಂತ ಮಾತ್ರ ಹೇಳ್ಬೇಡಿ, ಅದ್ರಿಂದ ರೆಗ್ಯುಲೇಟರ್ ಸುಟ್ಟು ಹೋಗ್ಬಹುದು ಅಂತ ಗೊತ್ತು.