ಟ್ಯಾಂಪಾ ಕಡೆ ಮನೆ ಕೊಳ್ಳುವಾಗ ಸಿಂಕ್‌ಹೋಲ್ ಭಯ: ಅನುಭವ ಇದ್ದವರು ಹೇಳಿ

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಫ್ಲೋರಿಡಾಕ್ಕೆ ಬಂದಿದ್ದೇವೆ. ಟ್ಯಾಂಪಾದ ಉತ್ತರಕ್ಕೆ, ಪಾಸ್ಕೋ ಕೌಂಟಿಯಲ್ಲಿ ಒಂದು ಮನೆ ತುಂಬಾ ಇಷ್ಟವಾಗಿದೆ. ಹಿಂದೆ ಸಿಂಕ್‌ಹೋಲ್ ಆಗಿ, ಅಂದರೆ ಅಡಿಯ ನೆಲ ಟೊಳ್ಳಾಗಿ ಕುಸಿದು, ರಿಪೇರಿ ಮಾಡಿಸಿದ ಮನೆಯಂತೆ, ಅದಕ್ಕೇ ಬೆಲೆ ಅಕ್ಕಪಕ್ಕದ್ದಕ್ಕಿಂತ ಕಡಿಮೆ. ಊರಲ್ಲಿ ಅಪ್ಪ ಅಮ್ಮ ವಿಡಿಯೋ ನೋಡಿ ಬೇಡವೇ ಬೇಡ ಅನ್ನುತ್ತಿದ್ದಾರೆ. ಕೊಳ್ಳಬಹುದಾ?

ಹರ್ನಾಂಡೋ ಕೌಂಟಿಯಿಂದ:

ನಮ್ಮದೂ ರಿಪೇರಿ ಆದ ಮನೆಯೇ. ಹೆಸರು ಕೇಳಿದ ಕೂಡಲೇ ಬಿಟ್ಟುಬಿಡಬೇಡಿ, ಮೊದಲು ಕಾಗದ ನೋಡಿ. ಪಾಸ್ಕೋ, ಹರ್ನಾಂಡೋ, ಹಿಲ್ಸ್‌ಬರೋ ಮೂರನ್ನೂ ಸೇರಿಸಿ ಇಲ್ಲಿನವರು 'ಸಿಂಕ್‌ಹೋಲ್ ಆ್ಯಲಿ' (ಸಿಂಕ್‌ಹೋಲ್ ಓಣಿ) ಅಂತಲೇ ಕರೆಯುತ್ತಾರೆ. ಪಕ್ಕದ ಮನೆಯ ಕೆಳಗೂ ಸಿಂಕ್‌ಹೋಲ್‌ಗೆ ಕಾರಣವಾಗುವ ಅದೇ ಸುಣ್ಣದಕಲ್ಲು ಇರುತ್ತದೆ, ಆದರೆ ಅಲ್ಲಿ ಯಾರೂ ಕೊರೆದು ನೋಡಿರುವುದಿಲ್ಲ, ಅಷ್ಟೇ.

ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಆಮ್ಲೀಯವಾಗುತ್ತದೆ. ಸಾವಿರಾರು ವರ್ಷ ಆ ನೀರು ಇಳಿದೂ ಇಳಿದೂ ಸುಣ್ಣದಕಲ್ಲು ಕರಗಿ ಒಳಗೆ ಗುಹೆಯಾಗುತ್ತದೆ. ಗುಹೆಯಲ್ಲಿ ನೀರು ತುಂಬಿರುವಷ್ಟು ದಿನ ಆ ನೀರೇ ಮೇಲಿನ ಭಾರಕ್ಕೆ ಆಸರೆ. ಬರ ಬಂದೋ, ಜಾಸ್ತಿ ಪಂಪ್ ಮಾಡಿಯೋ ನೀರು ಕೆಳಗಿಳಿದರೆ ಆಸರೆ ತಪ್ಪುತ್ತದೆ. ಆಮೇಲೆ ಜೋರು ಮಳೆ ಬಂದು ಮೇಲಿನ ಮರಳು, ಜೇಡಿ ನೆನೆದು ಭಾರವಾದರೆ ಕುಸಿಯುತ್ತದೆ. 2010ರ ಜನವರಿಯ ವಿಪರೀತ ಚಳಿಯಲ್ಲಿ ಟ್ಯಾಂಪಾ ಹತ್ತಿರದ ಪ್ಲಾಂಟ್ ಸಿಟಿ ಸುತ್ತಮುತ್ತ ಸ್ಟ್ರಾಬೆರಿ ರೈತರು ಬೆಳೆ ಉಳಿಸಿಕೊಳ್ಳಲು ನೆಲದ ನೀರು ಪಂಪ್ ಮಾಡಿ ಗಿಡಗಳ ಮೇಲೆ ಸಿಂಪಡಿಸುತ್ತಲೇ ಇದ್ದರು. ಅಂತರ್ಜಲ ಸುಮಾರು 60 ಅಡಿ ಇಳಿಯಿತು, 140ಕ್ಕೂ ಜಾಸ್ತಿ ಕಡೆ ನೆಲ ಬಾಯಿಬಿಟ್ಟಿತು.

ನಿಮ್ಮ ಮನೆಗೆ ಬರೋಣ. ರಿಪೇರಿ ಅಂದರೆ ಸಾಮಾನ್ಯವಾಗಿ ಕೊಳವೆ ಇಳಿಸಿ ಒತ್ತಡದಲ್ಲಿ ಗ್ರೌಟ್, ಅಂದರೆ ಸಿಮೆಂಟ್ ಗಾರೆ, ತುಂಬುವುದು. ಎಂಜಿನಿಯರ್ ವರದಿಯಲ್ಲಿ ಬೋರಿಂಗ್ ಹಾಳೆ (ನೆಲ ಕೊರೆದು ನೋಡಿದ ದಾಖಲೆ) ಇರುತ್ತದೆ, ಅದನ್ನು ಕೇಳಿ ತೆಗೆದುಕೊಳ್ಳಿ. ಸರಳನ್ನು ನೆಲಕ್ಕೆ ಇಳಿಸಲು ಸುತ್ತಿಗೆಯ ಎಷ್ಟು ಏಟು ಬೇಕಾಯಿತು ಅಂತ ಆಳದ ಪ್ರಕಾರ ಬರೆದಿರುತ್ತಾರೆ. ನಮ್ಮ ಹಾಳೆಯಲ್ಲಿ ಒಂದು ಆಳದಲ್ಲಿ ಏಟಿನ ಸಂಖ್ಯೆಯೇ ಇರಲಿಲ್ಲ. ಏಟೇ ಹಾಕದೆ, ಸುತ್ತಿಗೆಯ ಭಾರಕ್ಕೇ ಸರಳು ಇಳಿದಿದೆ ಅಂತ ಬರೆದಿತ್ತು. ಮಣ್ಣು ಅಷ್ಟು ಸಡಿಲ ಅಂತ ಅರ್ಥ. ಗ್ರೌಟ್ ಆದ ಮೇಲೆ ಅದೇ ಆಳದಲ್ಲಿ ಮತ್ತೆ ಪರೀಕ್ಷೆ ಮಾಡಿ ಗಟ್ಟಿಯಾಗಿದೆ ಅಂತ ತೋರಿಸಿದ್ದರು, ಅದನ್ನು ನೋಡಿಯೇ ಕೊಂಡೆವು. ರಿಪೇರಿ ನಂತರದ ವರದಿ ಇಲ್ಲ ಅಂದರೆ ಆ ಮನೆ ಬೇಡ.

ಹಿಲ್ಸ್‌ಬರೋದಿಂದ, ವಿಮೆ ಬಗ್ಗೆ:

ಇಲ್ಲಿ ಎಡವುವವರೇ ಜಾಸ್ತಿ. ಮನೆ ವಿಮೆ ಇದೆ ಅಂದ ಮಾತ್ರಕ್ಕೆ ಸಿಂಕ್‌ಹೋಲ್‌ಗೆ ವಿಮೆ ಇದೆ ಅಂತಲ್ಲ. ಫ್ಲೋರಿಡಾ ಕಾನೂನಿನ ಪ್ರಕಾರ ಮನೆ ವಿಮೆಯಲ್ಲಿ ಕಡ್ಡಾಯವಾಗಿ ಇರುವುದು 'ಕೆಟಾಸ್ಟ್ರೋಫಿಕ್ ಗ್ರೌಂಡ್ ಕವರ್ ಕೊಲ್ಯಾಪ್ಸ್' ಮಾತ್ರ. ಅದು ಸಿಗಬೇಕಾದರೆ ನೆಲ ಇದ್ದಕ್ಕಿದ್ದಂತೆ ಕುಸಿದಿರಬೇಕು, ಗುಂಡಿ ಕಣ್ಣಿಗೆ ಕಾಣಬೇಕು, ಅಡಿಪಾಯ ಸೇರಿ ಕಟ್ಟಡಕ್ಕೆ ಪೆಟ್ಟಾಗಿರಬೇಕು, ಸರ್ಕಾರಿ ಅಧಿಕಾರಿಗಳು ಮನೆ ವಾಸಕ್ಕೆ ಯೋಗ್ಯವಲ್ಲ ಅಂತ ಖಾಲಿ ಮಾಡಿಸಿರಬೇಕು. ನಾಲ್ಕೂ ಆಗಬೇಕು! ಗೋಡೆ ನಿಧಾನಕ್ಕೆ ಬಿರುಕು ಬಿಡುತ್ತಿದ್ದರೆ ಇದರಲ್ಲಿ ಏನೂ ಸಿಗುವುದಿಲ್ಲ. ಅದಕ್ಕೆ 'ಸಿಂಕ್‌ಹೋಲ್ ಲಾಸ್' ಅಂತ ಬೇರೆ ಕವರೇಜ್ ಇದೆ, ಜಾಸ್ತಿ ಪ್ರೀಮಿಯಂ ಕಟ್ಟಬೇಕು. ನಮ್ಮ ಸ್ನೇಹಿತರಿಗೆ ಈ ವ್ಯತ್ಯಾಸ ಯಾರೂ ಹೇಳಿರಲಿಲ್ಲ, ಪಾಪ, ಬಿರುಕಿನ ಖರ್ಚೆಲ್ಲ ಕೈಯಿಂದ ಹಾಕಿದರು. ಆ ಮನೆಗೆ ಆ ಕವರೇಜ್ ಸಿಗುತ್ತದಾ ಅಂತ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕೇಳಿ.

ಇನ್ನೊಂದು. ಹಿಂದೆ ಸಿಂಕ್‌ಹೋಲ್ ವಿಮೆ ಹಣ ಬಂದಿದ್ದರೆ ಮಾರುವವರು ಅದನ್ನು ಹೇಳಲೇಬೇಕು, ಆ ಹಣ ಪೂರ್ತಿ ರಿಪೇರಿಗೆ ಹಾಕಿದರಾ ಅನ್ನುವುದನ್ನೂ ಹೇಳಬೇಕು. ಕೌಂಟಿ ಕ್ಲರ್ಕ್ ಕಚೇರಿಯ ದಾಖಲೆಯಲ್ಲೂ ಹುಡುಕಿ.

ಒರ್ಲ್ಯಾಂಡೋದಿಂದ:

ಅಪ್ಪ ಅಮ್ಮನ ಭಯ ಸುಮ್ನೆ ಅಲ್ಲ. 2013ರಲ್ಲಿ ಟ್ಯಾಂಪಾ ಹತ್ತಿರದ ಸೆಫ್ನರ್‌ನಲ್ಲಿ ರಾತ್ರಿ ಮಲಗಿದ್ದವರೊಬ್ಬರು ಕೋಣೆ ಸಮೇತ ಕೆಳಗೆ ಹೋದರು, ದೇಹ ಕೂಡ ಸಿಗಲಿಲ್ಲ. ಅದೇ ಜಾಗ 2015ರಲ್ಲಿ, 2023ರಲ್ಲಿ ಮತ್ತೆ ಕುಸಿಯಿತು. ಆದರೆ ಇಂಥದ್ದು ಅಪರೂಪ, ಹೆಚ್ಚಿನ ಕಡೆ ನೆಲ ನಿಧಾನಕ್ಕೆ ತಗ್ಗುತ್ತದೆ, ಮನೆ ಮೊದಲೇ ಸುಳಿವು ಕೊಡುತ್ತದೆ. ಇದ್ದಕ್ಕಿದ್ದಂತೆ ಬಾಗಿಲು ಬಿಗಿಯಾಗುವುದು, ಇಟ್ಟಿಗೆ ಗೋಡೆಯಲ್ಲಿ ಮೆಟ್ಟಿಲಿನಂತೆ ಬಿರುಕು ಏರುವುದು, ಹುಲ್ಲಿನಲ್ಲಿ ದುಂಡಗೆ ತಗ್ಗು ಬೀಳುವುದು, ಬೇಲಿ ಕಂಬ ವಾಲುವುದು. ಒಂದೇ ಬಿರುಕಿಗೆ ಗಾಬರಿಯಾಗಬೇಡಿ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ತಾರೀಕು ಬರೆದಿಡಿ, ಬೆಳೆಯುತ್ತಿದ್ದರೆ ಎಂಜಿನಿಯರನ್ನು ಕರೆಸಿ. ಗುಂಡಿಯೇ ಬಿದ್ದರೆ ಮಾತ್ರ ಹತ್ತಿರ ಹೋಗಿ ಫೋಟೋ ತೆಗೆಯಬೇಡಿ, ಅಂಚಿನ ಕೆಳಗೂ ಟೊಳ್ಳಿರುತ್ತದೆ. ಎಲ್ಲರೂ ಹೊರಗೆ ಬಂದು 911ಕ್ಕೆ ಫೋನ್ ಮಾಡಿ.

ಬೆಂಗಳೂರಿನಲ್ಲಿ ರಸ್ತೆ ಕುಸಿದಾಗಲೂ ಸಿಂಕ್‌ಹೋಲ್ ಅಂತ ಬರೆಯುತ್ತಾರೆ ಅಲ್ವಾ, ಅಲ್ಲಿನ ಬಂಡೆ ಹೀಗೆ ಕರಗುವುದಿಲ್ಲ. ಹೆಚ್ಚಾಗಿ ಪೈಪ್ ಒಡೆದು ಮಣ್ಣು ಕೊಚ್ಚಿ ಹೋಗಿರುತ್ತದೆ. ಇದನ್ನು ಅಪ್ಪ ಅಮ್ಮನಿಗೆ ಬಿಡಿಸಿ ಹೇಳಿ.

ಹರ್ನಾಂಡೋದಿಂದ ಮತ್ತೆ:

ಚಾವಣಿಯ ಮಳೆನೀರು ಅಡಿಪಾಯದ ಹತ್ತಿರವೇ ಇಂಗುತ್ತಿದೆಯಾ ಅಂತ ಮನೆ ನೋಡಲು ಹೋದಾಗ ಗಮನಿಸಿ. ಬೋರಿಂಗ್ ಹಾಳೆ ಸಿಕ್ಕರೆ ವಿಳಾಸ ಮುಚ್ಚಿ ಇಲ್ಲಿ ಹಾಕಿ, ಓದಿ ನನಗೆ ತಿಳಿದಷ್ಟು ಹೇಳುತ್ತೇನೆ.